ವ್ಯಾಯಾಮ ಶಿಕ್ಷೆಯಾಗದಿರಲಿ: ವರ್ಷಗಟ್ಟಲೆ ಉಳಿಯುವ ಅಭ್ಯಾಸಕ್ಕೆ ಮನಸ್ಸನ್ನು ಅಣಿ ಮಾಡುವ ಸಮಗ್ರ ಮಾರ್ಗದರ್ಶಿ

ನಮ್ಮಲ್ಲಿ ಬಹಳ ಜನ ವ್ಯಾಯಾಮವನ್ನು ಮೊದಲು ಕಂಡದ್ದು ಶಿಕ್ಷೆಯ ರೂಪದಲ್ಲಿ. ಹೋಂವರ್ಕ್ ಮಾಡಿಲ್ಲವಾ, ಇಪ್ಪತ್ತು ಬಸ್ಕಿ ಹೊಡಿ. ತಡವಾಗಿ ಬಂದೆಯಾ, ಮೈದಾನ ಎರಡು ಸುತ್ತು ಓಡು. ಗರಡಿ ಮನೆಯಲ್ಲಿ ಪೈಲ್ವಾನರು ಹೆಮ್ಮೆಯಿಂದ ಹೊಡೆಯುವ ಬಸ್ಕಿಯನ್ನೇ ಶಾಲೆಯಲ್ಲಿ ಕಿವಿ ಹಿಡಿದುಕೊಂಡು, ತಲೆ ತಗ್ಗಿಸಿ ಮಾಡಬೇಕಿತ್ತು. ದೊಡ್ಡವರಾದ ಮೇಲೂ ಈ ಲೆಕ್ಕ ಬದಲಾಗಿಲ್ಲ. ಮದುವೆ ಊಟದಲ್ಲಿ ಎರಡು ಹೋಳಿಗೆ ಜಾಸ್ತಿ ತಿಂದರೆ ಮರುದಿನ ಎರಡು ಸುತ್ತು ಜಾಸ್ತಿ ನಡೆಯುತ್ತೇವೆ. ರಕ್ತಪರೀಕ್ಷೆಯಲ್ಲಿ ಶುಗರ್ ಹೆಚ್ಚು ಬಂದ ವಾರವೇ ಜಿಮ್‌ಗೆ ಹಣ ಕಟ್ಟುತ್ತೇವೆ. ಮಾಡಿದ ತಪ್ಪಿಗೆ ದಂಡ ತೆರುವ ಮನಸ್ಸು ಅದು.

ದಂಡ ಕಟ್ಟಿ ಮುಗಿದ ಮೇಲೆ ಯಾರೂ ಮತ್ತೆ ಆ ಕಚೇರಿಯ ಕಡೆ ತಲೆ ಹಾಕುವುದಿಲ್ಲ, ಅಲ್ವಾ? ಜಿಮ್ಮಿನ ವಿಷಯದಲ್ಲೂ ಆಗುವುದು ಇದೇ. ಆದ್ದರಿಂದ ಯಾವ ವ್ಯಾಯಾಮ, ಎಷ್ಟು ಹೊತ್ತು ಅನ್ನುವುದಕ್ಕಿಂತ ಮೊದಲು ಈ ಲೆಕ್ಕವನ್ನೇ ಬದಲಾಯಿಸಬೇಕು. ಅದಕ್ಕೇನು ಮಾಡಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಇದು ಮೂವತ್ತು ದಾಟಿ, ಕೆಲಸ, ಮನೆ, ಮಕ್ಕಳ ನಡುವೆ ಪದೇ ಪದೇ ಶುರು ಮಾಡಿ ಪದೇ ಪದೇ ಬಿಟ್ಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ನೀವೊಬ್ಬರೇ ಹೀಗೆ ಅಂದುಕೊಳ್ಳಬೇಡಿ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧ ಜನರ ದೈಹಿಕ ಚಟುವಟಿಕೆ ಸಾಲದು. ಹೆಂಗಸರಲ್ಲಿ ಈ ಪ್ರಮಾಣ ಶೇ 57, ಗಂಡಸರಲ್ಲಿ ಶೇ 42. ಅರ್ಧ ದೇಶವನ್ನೇ ಸೋಮಾರಿ ಅನ್ನಲು ಆಗುವುದಿಲ್ಲ. ನಮ್ಮ ದಿನಚರಿ, ಊರು, ಮನೆ, ಕೆಲಸ ಎಲ್ಲವೂ ಕೂತಲ್ಲೇ ಕೂರುವ ಹಾಗೆ ಬದಲಾಗಿವೆ. ತಪ್ಪಿತಸ್ಥ ಭಾವವನ್ನು ಮೊದಲು ಕೆಳಗಿಡಿ.

ಹೆಜ್ಜೆ 1: ಮನಸ್ಸು ಆಡುವ ಮಾತನ್ನು ಬರೆದಿಡಿ

ಒಂದು ಹಾಳೆ ತೆಗೆದುಕೊಳ್ಳಿ. ವ್ಯಾಯಾಮ ಅಂದ ಕೂಡಲೇ ಒಳಗೆ ಏಳುವ ಮಾತುಗಳನ್ನು ತಿದ್ದದೆ ಬರೆಯಿರಿ. ಹೆಚ್ಚಿನವರ ಹಾಳೆಯಲ್ಲಿ ಬರುವ ಮಾತುಗಳು ಇವು: "ನನ್ನ ಕೈಲಿ ಆಗಲ್ಲ." "ಈ ವಯಸ್ಸಿಗೆ ಇದೆಲ್ಲಾ ಯಾಕೆ?" "ಸ್ವಲ್ಪ ಸಣ್ಣ ಆದ್ಮೇಲೆ ಪಾರ್ಕಿಗೆ ಹೋಗ್ತೀನಿ, ಈಗ ನಾಲ್ಕು ಜನ ನೋಡ್ತಾರೆ." "ಮಾಡಿದ್ರೆ ಒಂದು ಗಂಟೆ ಮಾಡ್ಬೇಕು, ಇಲ್ಲಾಂದ್ರೆ ಸುಮ್ನೆ."

ಇವುಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಕೊನೆಯದು. ಮೇಲುನೋಟಕ್ಕೆ ಅದು ಶಿಸ್ತಿನ ಮಾತು. ನಿಜದಲ್ಲಿ ಅದು ಏನೂ ಮಾಡದಿರಲು ಸಿಗುವ ನೆಪ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಎನ್ನುತ್ತದೆ. ಹಿಂದೆ ಒಂದೊಂದು ಸಲಕ್ಕೂ ಕನಿಷ್ಠ 10 ನಿಮಿಷ ಇರಬೇಕು ಅನ್ನುವ ನಿಯಮವಿತ್ತು. 2020ರ ಮಾರ್ಗಸೂಚಿಯಲ್ಲಿ ಅದನ್ನೂ ತೆಗೆದುಹಾಕಿದರು. ಬಸ್ ಸ್ಟಾಪಿಗೆ ಬೇಗ ಬೇಗ ನಡೆದ ಆರು ನಿಮಿಷವೂ ಲೆಕ್ಕಕ್ಕಿದೆ, ಮಹಡಿ ಹತ್ತಿದ ಎರಡು ನಿಮಿಷವೂ ಲೆಕ್ಕಕ್ಕಿದೆ. ಗುರಿ ಮುಟ್ಟದಿದ್ದರೂ ಸ್ವಲ್ಪ ಮಾಡಿದವರಿಗೆ ಏನೂ ಮಾಡದವರಿಗಿಂತ ಲಾಭ ಹೆಚ್ಚು ಎಂದು ಅದೇ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ.

"ಈ ವಯಸ್ಸಿಗೆ" ಅನ್ನುವವರಿಗೂ ಅಲ್ಲೇ ಉತ್ತರವಿದೆ. 65 ದಾಟಿದವರಿಗೆ ಅದು ಕಡಿಮೆ ಹೇಳಿಲ್ಲ, ಜಾಸ್ತಿ ಹೇಳಿದೆ. ಬೀಳದಂತೆ ತಡೆಯಲು ಸಮತೋಲನದ ಮತ್ತು ಬಲದ ವ್ಯಾಯಾಮಗಳನ್ನು ವಾರಕ್ಕೆ ಮೂರು ದಿನವಾದರೂ ಸೇರಿಸಿಕೊಳ್ಳಿ ಎಂದಿದೆ.

ಈಗ ಪ್ರತಿ ಮಾತಿನ ಎದುರಿಗೆ ನಿಮಗೆ ನಿಜ ಅನ್ನಿಸುವ ಇನ್ನೊಂದು ಮಾತು ಬರೆಯಿರಿ. "ನಾನು ತುಂಬಾ ಫಿಟ್" ಎಂದು ಬರೆದರೆ ಮನಸ್ಸು ನಂಬುವುದಿಲ್ಲ. "ಇವತ್ತು ಹತ್ತು ನಿಮಿಷ ನಡೆಯೋಕೆ ನನ್ನ ಕೈಲಿ ಆಗುತ್ತೆ" ಎಂದರೆ ನಂಬುತ್ತದೆ, ಯಾಕೆಂದರೆ ಅದು ಸುಳ್ಳಲ್ಲ. ಹಾಳೆಯನ್ನು ಎತ್ತಿಡಿ, ಏಳನೆಯ ಹೆಜ್ಜೆಯಲ್ಲಿ ಮತ್ತೆ ಬೇಕು.

ಹೆಜ್ಜೆ 2: ಇವತ್ತೇ ಸಿಗುವ ಲಾಭ ಹುಡುಕಿ

ಹತ್ತು ಕೆಜಿ ಇಳಿಸಬೇಕು, ಮುಂದೆ ಹಾರ್ಟ್ ಅಟ್ಯಾಕ್ ಆಗಬಾರದು, ಮಗಳ ಮದುವೆ ಹೊತ್ತಿಗೆ ಚೆನ್ನಾಗಿ ಕಾಣಬೇಕು. ಶುರು ಮಾಡಲು ಇವೆಲ್ಲ ಒಳ್ಳೆಯ ಕಾರಣಗಳೇ. ಆದರೆ ಚಳಿಗಾಲದ ಬೆಳಗ್ಗೆ ಐದೂವರೆಗೆ ಹೊದಿಕೆ ಸರಿಸಿ ಏಳಿಸುವ ಶಕ್ತಿ ಇವಕ್ಕಿಲ್ಲ. ಲಾಭ ತುಂಬಾ ದೂರದಲ್ಲಿದೆ, ಹೊದಿಕೆ ಹತ್ತಿರದಲ್ಲಿದೆ.

ಅಮೆರಿಕದ ಸಂಶೋಧಕಿಯರಾದ ಕೇಟ್ಲಿನ್ ವೂಲಿ ಮತ್ತು ಅಯೆಲೆಟ್ ಫಿಶ್‌ಬಾಕ್ ಹೊಸ ವರ್ಷದ ಸಂಕಲ್ಪ ಮಾಡಿದವರನ್ನು ಗಮನಿಸಿ 2017ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಜನ ಸಂಕಲ್ಪ ಮಾಡುವುದು ಮುಂದೆಂದೋ ಬರುವ ಲಾಭಕ್ಕಾಗಿ. ಅದಕ್ಕೆ ಅಂಟಿಕೊಂಡು ಉಳಿಯುವುದು ಮಾತ್ರ ಮಾಡುವಾಗಲೇ ಸಿಗುವ ಖುಷಿಯಿಂದ ಎಂದು ಅವರಿಗೆ ಕಂಡುಬಂತು.

ಹಾಗಾಗಿ ಎರಡು ವಾರ ಒಂದು ಪುಟ್ಟ ಕೆಲಸ ಮಾಡಿ. ನಡೆದ ದಿನ, ನಡೆಯದ ದಿನ, ಎರಡೂ ದಿನ ರಾತ್ರಿ ಒಂದೊಂದು ಸಾಲು ಬರೆಯಿರಿ. ನಿದ್ದೆ ಹೇಗೆ ಬಂತು? ಮಧ್ಯಾಹ್ನ ಊಟದ ನಂತರ ತೂಕಡಿಕೆ ಇತ್ತಾ? ಮಕ್ಕಳ ಮೇಲೆ ರೇಗಿದಿರಾ? ಬೆನ್ನು ಹಿಡಿದುಕೊಂಡಿತ್ತಾ? ಮಲಬದ್ಧತೆ? ಒಬ್ಬೊಬ್ಬರಿಗೆ ಒಂದೊಂದು ಲಾಭ ಬೇಗ ಕಾಣುತ್ತದೆ. ನಿಮ್ಮದು ಯಾವುದು ಎಂದು ಗೊತ್ತಾದರೆ ಅದೇ ನಿಮ್ಮ ಕಾರಣ. ಅದನ್ನು ಇನ್ನೊಬ್ಬರಿಗೆ ವಿವರಿಸಬೇಕಾಗಿಯೂ ಇಲ್ಲ.

ಇಷ್ಟವಾಗುವ ಚಟುವಟಿಕೆ ಆರಿಸಿಕೊಳ್ಳುವುದು ಕೂಡ ಇದೇ ಮಾತಿಗೆ ಸೇರಿದ್ದು. ಟ್ರೆಡ್‌ಮಿಲ್ ಹಿಡಿಸದಿದ್ದರೆ ಅದು ನಿಮ್ಮ ಸ್ವಭಾವದ ದೋಷವಲ್ಲ. ಚಿಕ್ಕವರಿದ್ದಾಗ ಏನು ಆಡುತ್ತಿದ್ದಿರಿ ನೆನಪಿಸಿಕೊಳ್ಳಿ. ಕೊಕ್ಕೊ, ಕಬಡ್ಡಿ ಆಡಿದವರಿಗೆ ಒಬ್ಬರೇ ನಡೆಯುವುದು ಬೇಸರ. ಅವರಿಗೆ ಶಟಲ್ ಅಥವಾ ಥ್ರೋಬಾಲ್ ಹೊಂದುತ್ತದೆ. ಮೌನ ಬೇಕಾದವರಿಗೆ ಬೆಳಗಿನ ಲಾಲ್‌ಬಾಗ್ ಅಥವಾ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆ ಸಾಕು. ಕುಣಿಯಲು ಇಷ್ಟವಿದ್ದರೆ ಕೋಲಾಟದ ತಂಡ ಸೇರಿ, ಅದೂ ಒಳ್ಳೆಯ ವ್ಯಾಯಾಮವೇ.

ಹೆಜ್ಜೆ 3: ಅತಿ ಕೆಟ್ಟ ದಿನದಲ್ಲೂ ಆಗುವಷ್ಟು ಕನಿಷ್ಠ ಗೊತ್ತು ಮಾಡಿ

ಗುರಿ ಎಲ್ಲರೂ ಇಟ್ಟುಕೊಳ್ಳುತ್ತಾರೆ. ಕನಿಷ್ಠ ಇಟ್ಟುಕೊಳ್ಳುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಗುರಿಗಿಂತ ಇದೇ ಮುಖ್ಯ.

ಮಗುವಿಗೆ ಜ್ವರ, ಆಫೀಸಿನಲ್ಲಿ ಆಡಿಟ್, ಮನೆಗೆ ನೆಂಟರು, ಅಂಥ ದಿನವೂ ನಿಮ್ಮಿಂದ ಎಷ್ಟು ಆಗುತ್ತದೆ? ಅಷ್ಟೇ ನಿಮ್ಮ ಕನಿಷ್ಠ. ಹಾಲು ಕಾಯುವಷ್ಟು ಹೊತ್ತು ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಬಹುದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಬಹುದು. ಗೋಡೆಗೆ ಕೈ ಕೊಟ್ಟು ಹತ್ತು ದಂಡ ಹೊಡೆಯಬಹುದು. ಊಟವಾದ ಮೇಲೆ ಐದು ನಿಮಿಷ ಮನೆ ಮುಂದೆ ನಡೆದರೂ ಆಯಿತು. ಊಟದ ನಂತರದ ಚಿಕ್ಕ ನಡಿಗೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದನ್ನು ತಗ್ಗಿಸುತ್ತದೆ. ಅನ್ನ, ಮುದ್ದೆ ಉಣ್ಣುವ ನಮಗೆ ಇದು ಚಿಕ್ಕ ಲಾಭವಲ್ಲ.

ಇಷ್ಟರಿಂದ ಏನಾಗುತ್ತದೆ ಎಂದು ಕೇಳಬಹುದು. ಸ್ನಾಯುವಿಗೆ ಸ್ವಲ್ಪ, ಮನಸ್ಸಿಗೆ ಬಹಳ. "ನಾನು ಇವತ್ತೂ ಮಾಡಿದೆ" ಅನ್ನುವುದು ಉಳಿಯುತ್ತದೆ. ನಾಳೆ ಮತ್ತೆ ಹೊಸದಾಗಿ ಶುರು ಮಾಡುವ ಭಾರ ಇರುವುದಿಲ್ಲ. ಮೊದಲ ಮೂರು ವಾರ ಕನಿಷ್ಠಕ್ಕಿಂತ ಜಾಸ್ತಿ ಮಾಡಲು ಉತ್ಸಾಹ ಬಂದರೆ ಮಾಡಿ, ಆದರೆ ಕನಿಷ್ಠವನ್ನು ಮೇಲೆ ಏರಿಸಬೇಡಿ. ಅದು ಕೆಟ್ಟ ದಿನಕ್ಕೆಂದೇ ಇರಲಿ.

ಹೆಜ್ಜೆ 4: ಯಾವಾಗ, ಎಲ್ಲಿ, ಯಾವುದಾದ ಮೇಲೆ

"ಇನ್ಮೇಲೆ ದಿನಾ ವಾಕಿಂಗ್ ಹೋಗ್ತೀನಿ" ಅನ್ನುವ ಮಾತಿಗೆ ಹಿಡಿಕೆಯೇ ಇಲ್ಲ. ಬ್ರಿಟನ್ನಿನಲ್ಲಿ ಸಾರಾ ಮಿಲ್ನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ವಿದ್ಯಾರ್ಥಿಗಳ ಒಂದು ಗುಂಪಿಗೆ ಏನೂ ಹೇಳಲಿಲ್ಲ. ಎರಡನೆಯ ಗುಂಪಿಗೆ ಹೃದಯದ ಕಾಯಿಲೆಯ ಬಗ್ಗೆ ತಿಳಿಸಿ ವ್ಯಾಯಾಮ ಮಾಡುವಂತೆ ಹುರಿದುಂಬಿಸಿದರು. ಮೂರನೆಯ ಗುಂಪಿಗೆ ಆ ತಿಳಿವಳಿಕೆಯ ಜೊತೆಗೆ, ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡುತ್ತೀರಿ ಎಂದು ಬರೆಯಿಸಿದರು. ಮೊದಲ ಎರಡು ಗುಂಪುಗಳಲ್ಲಿ ಶೇ 35ರಿಂದ 38ರಷ್ಟು ಜನ ವ್ಯಾಯಾಮ ಮಾಡಿದರೆ, ಬರೆದ ಗುಂಪಿನಲ್ಲಿ ಶೇ 91ರಷ್ಟು ಜನ ಮಾಡಿದರು. ಹುರುಪು ತುಂಬುವ ಮಾತುಗಳಿಂದ ವ್ಯತ್ಯಾಸವೇ ಆಗಲಿಲ್ಲ ಅನ್ನುವುದನ್ನು ಗಮನಿಸಿ. ಹುರುಪಿನ ವಿಡಿಯೋಗಳನ್ನು ರಾತ್ರಿ ಹನ್ನೊಂದರವರೆಗೆ ನೋಡಿ ಬೆಳಗ್ಗೆ ಏಳಲಾಗದವರು ಇದನ್ನು ಇನ್ನೊಮ್ಮೆ ಓದಿ.

ನೀವೂ ಬರೆಯಿರಿ. ಗಡಿಯಾರದ ಹೊತ್ತಿಗಿಂತ, ಈಗಾಗಲೇ ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿದರೆ ಒಳ್ಳೆಯದು. "ಮಗನನ್ನು ಸ್ಕೂಲ್ ಬಸ್ ಹತ್ತಿಸಿದ ಮೇಲೆ ಮನೆಗೆ ವಾಪಸ್ ಬರದೆ ನೇರ ಪಾರ್ಕಿಗೆ." "ಸಂಜೆ ದೀಪ ಹಚ್ಚಿದ ಮೇಲೆ ಹಾಲಿನಲ್ಲಿ ಚಾಪೆ ಹಾಸಿ ನಾಲ್ಕು ಸೂರ್ಯ ನಮಸ್ಕಾರ." "ಮೆಟ್ರೋ ಇಳಿದ ಮೇಲೆ ಆಟೋ ಹಿಡಿಯದೆ ಮನೆಗೆ ನಡಿಗೆ."

ಅಡ್ಡಿ ಬಂದರೆ ಏನು ಅನ್ನುವುದನ್ನೂ ಈಗಲೇ ಬರೆದಿಡಿ. "ಮಳೆ ಬಂದರೆ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿಯುತ್ತೇನೆ." ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸಾಲು ಇಲ್ಲದಿದ್ದರೆ ನಡೆಯುವುದೇ ಇಲ್ಲ. ಕಲಬುರಗಿ, ರಾಯಚೂರಿನ ಕಡೆಯವರಿಗೆ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬೇರೆ ಸಾಲು ಬೇಕು: ಸೂರ್ಯ ಹುಟ್ಟುವ ಮೊದಲು ಅಥವಾ ಮನೆಯೊಳಗೆ.

ಬಟ್ಟೆ, ಶೂ ರಾತ್ರಿಯೇ ಕಣ್ಣಿಗೆ ಬೀಳುವಲ್ಲಿ ಇಡಿ. ಹುಡುಕಾಟದಲ್ಲೇ ಮನಸ್ಸು ತಿರುಗಿಬಿಡುತ್ತದೆ.

ಹೆಜ್ಜೆ 5: 21 ದಿನದ ಮಾತನ್ನು ಬಿಟ್ಟುಬಿಡಿ

ಯಾವುದೇ ಅಭ್ಯಾಸ 21 ದಿನದಲ್ಲಿ ಬರುತ್ತದೆ ಅನ್ನುವ ಮಾತು ಎಲ್ಲೆಡೆ ಓಡಾಡುತ್ತಿದೆ. ಅದರ ಬೇರು ಇರುವುದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಮಾತಿನಲ್ಲಿ. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ವ್ಯಾಯಾಮಕ್ಕೂ ಅದಕ್ಕೂ ಸಂಬಂಧವಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ತಂಡ 96 ಜನರನ್ನು 12 ವಾರ ಗಮನಿಸಿತು. ಹೊಸ ಕೆಲಸವೊಂದು ಯೋಚಿಸದೆ ತಾನಾಗಿ ಆಗುವ ಹಂತಕ್ಕೆ ಬರಲು ನಡುವಿನ ಅಂದಾಜು 66 ದಿನ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಇದು 18ರಿಂದ 254 ದಿನಗಳವರೆಗೆ ಬದಲಾಗಬಹುದು ಎಂದು ಅವರ ಲೆಕ್ಕ ಹೇಳಿತು. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಬರುತ್ತದೆ, ವ್ಯಾಯಾಮ ನಿಧಾನ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ ಅನ್ನುವುದೂ ಅದೇ ಅಧ್ಯಯನದಲ್ಲಿದೆ.

22ನೇ ದಿನ ಏಳಲು ಕಷ್ಟವಾದರೆ ನಿಮ್ಮಲ್ಲಿ ಏನೋ ಕೊರತೆ ಅಂದುಕೊಳ್ಳಬೇಡಿ. ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಗುರುತು ಹಾಕಿಕೊಳ್ಳಿ. ಅಲ್ಲಿಯವರೆಗೆ ಕಷ್ಟ ಅನ್ನಿಸುವುದು ಸಹಜ.

ಹೆಜ್ಜೆ 6: ಮಾತಾಡುವಷ್ಟು ಉಸಿರು ಉಳಿಯಲಿ

ಮೊದಲ ದಿನವೇ ಮೈ ಮುರಿಯುವಷ್ಟು ಮಾಡಿ, ಮೂರು ದಿನ ಮೆಟ್ಟಿಲು ಇಳಿಯಲಾಗದೆ ನರಳಿ, ಅಲ್ಲಿಗೇ ಬಿಟ್ಟವರು ಎಷ್ಟೋ ಜನ. ಹೊಸ ವ್ಯಾಯಾಮದ ನಂತರ ಸ್ನಾಯುನೋವು ಅದೇ ದಿನ ಬರುವುದಿಲ್ಲ. ಒಂದರಿಂದ ಮೂರು ದಿನಗಳಲ್ಲಿ ಜೋರಾಗಿ ಕಾಣಿಸಿಕೊಂಡು ಆಮೇಲೆ ಇಳಿಯುತ್ತದೆ. ಮೈ ಹಿಂಡಿದಷ್ಟೂ ಒಳ್ಳೆಯದು ಅನ್ನುವ ನಂಬಿಕೆಯೂ ಆ ಶಾಲೆಯ ಶಿಕ್ಷೆಯಿಂದಲೇ ಬಂದದ್ದು.

ಸುಲಭದ ಅಳತೆ ಹೀಗಿದೆ. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಸಾಧಾರಣ ಬಿರುಸು. ಆರಾಮಾಗಿ ಹಾಡಬಹುದಾದರೆ ಸ್ವಲ್ಪ ಬೇಗ ನಡೆಯಿರಿ. ಎರಡು ಪದಕ್ಕೇ ಏದುಸಿರು ಬಂದರೆ ನಿಧಾನ ಮಾಡಿ.

ಬಿಪಿ, ಶುಗರ್, ಹೃದಯದ ತೊಂದರೆ, ಮಂಡಿನೋವು ಇರುವವರು, ಗರ್ಭಿಣಿಯರು, ವರ್ಷಗಟ್ಟಲೆ ಏನೂ ಮಾಡದವರು ಡಾಕ್ಟರ್ ಹತ್ತಿರ ಕೇಳಿಯೇ ಶುರು ಮಾಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಇನ್ನೂ ಮುಖ್ಯ, ವ್ಯಾಯಾಮದಿಂದ ಸಕ್ಕರೆ ತೀರಾ ಇಳಿಯಬಹುದು. ಎದೆ ಹಿಡಿದಂತಾದರೆ, ನೋವು ದವಡೆಗೋ ಎಡಗೈಗೋ ಹರಡಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಇಂಥ ಸೂಚನೆಗಳನ್ನು ಗ್ಯಾಸ್ ಎಂದು ಸುಮ್ಮನಿರಬೇಡಿ.

ಹೆಜ್ಜೆ 7: ತಪ್ಪಿದ ಮರುದಿನಕ್ಕೆ ಮೊದಲೇ ತಯಾರಾಗಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ.

ನೀವು ತಪ್ಪಿಸುತ್ತೀರಿ. ಗೌರಿ ಹಬ್ಬದ ಹಿಂದಿನ ದಿನ, ಸಂಬಂಧಿಕರ ಮದುವೆಗೆ ಊರಿಗೆ ಹೋದಾಗ, ವೈರಲ್ ಜ್ವರ ಬಂದಾಗ, ಮಕ್ಕಳ ಪರೀಕ್ಷೆ ಇದ್ದಾಗ, ಇಲ್ಲವೇ ಯಾವ ಕಾರಣವೂ ಇಲ್ಲದೆ ಸುಮ್ಮನೆ ಬೇಡ ಅನ್ನಿಸಿದಾಗ. ಇದು ಎಲ್ಲರಿಗೂ ಆಗುತ್ತದೆ. ಹತ್ತು ವರ್ಷದಿಂದ ಬಿಡದೆ ನಡೆಯುತ್ತಿರುವ ಹಿರಿಯರನ್ನು ಪಾರ್ಕಿನಲ್ಲಿ ಕೇಳಿ ನೋಡಿ. ಅವರೂ ಎಷ್ಟೋ ಸಲ ತಪ್ಪಿಸಿರುತ್ತಾರೆ. ಬಂದ ದಿನ ಮಾತ್ರ ಏನೂ ಆಗದವರಂತೆ ನಡೆಯಲು ಶುರು ಮಾಡುತ್ತಾರೆ.

ಹೊಸಬರಿಗೆ ಇದು ಬರುವುದಿಲ್ಲ. ಎರಡು ದಿನ ತಪ್ಪಿದ ಕೂಡಲೇ ಮನಸ್ಸು ತೀರ್ಪು ಕೊಡುತ್ತದೆ: "ನನ್ನ ಹಣೆಬರಹವೇ ಇಷ್ಟು. ಹೇಗೂ ಕೆಟ್ಟಿತು, ಈ ತಿಂಗಳು ಹೋಗಲಿ, ಒಂದನೇ ತಾರೀಕಿನಿಂದ ನೋಡೋಣ." ಡಯಟ್ ಮಾಡುವವರಲ್ಲಿ ಇದೇ ನಡೆ ಇರುವುದನ್ನು ಕೆನಡಾದ ಮನಶ್ಶಾಸ್ತ್ರಜ್ಞರಾದ ಜಾನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ದಶಕಗಳ ಹಿಂದೆಯೇ ತೋರಿಸಿದ್ದಾರೆ. ಒಂದು ಸಲ ನಿಯಮ ಮುರಿದೆ ಅನ್ನಿಸಿದರೆ ಸಾಕು, ಉಳಿದ ದಿನವೆಲ್ಲ ಹಿಡಿತ ಬಿಟ್ಟು ತಿನ್ನುತ್ತಾರೆ. ಹಾಳು ಮಾಡುವುದು ಆ ಮೊದಲ ತುತ್ತಲ್ಲ, ಅದರ ಹಿಂದೆ ಬರುವ ತೀರ್ಪು.

2021ರಲ್ಲಿ ನೇಚರ್ ಪತ್ರಿಕೆಯಲ್ಲಿ ದೊಡ್ಡ ಅಧ್ಯಯನವೊಂದು ಬಂತು. ಅಮೆರಿಕದ ಒಂದು ಜಿಮ್ ಸರಣಿಯ 61,293 ಸದಸ್ಯರ ಮೇಲೆ, ಅವರು ಹೆಚ್ಚು ಸಲ ಬರುವಂತೆ ಮಾಡಲು 50ಕ್ಕೂ ಹೆಚ್ಚು ಬಗೆಯ ಉಪಾಯಗಳನ್ನು ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಎಲ್ಲಕ್ಕಿಂತ ಮುಂದೆ ಬಂದ ಉಪಾಯ ಯಾವುದು ಗೊತ್ತಾ? ಒಂದು ಸಲ ತಪ್ಪಿಸಿಕೊಂಡವರು ಮರಳಿ ಬಂದಾಗ ಕೊಡುವ ಪುಟ್ಟ ಬಹುಮಾನ. ಅದರ ಬೆಲೆ ಬರೀ 9 ಸೆಂಟ್. ಅಷ್ಟು ಚಿಕ್ಕ ಮೊತ್ತಕ್ಕೆ ಯಾರೂ ಜಿಮ್ಮಿಗೆ ಓಡಿ ಬರುವುದಿಲ್ಲ. "ತಪ್ಪಿದರೂ ಪರವಾಗಿಲ್ಲ, ಬಂದೆಯಲ್ಲ" ಅನ್ನುವ ಸ್ವಾಗತ ಕೆಲಸ ಮಾಡಿತು ಎಂದು ನನಗನ್ನಿಸುತ್ತದೆ.

ಆ ಸ್ವಾಗತವನ್ನು ನಾವೇ ನಮಗೆ ಕೊಟ್ಟುಕೊಳ್ಳಬೇಕು. ಹೇಗೆ ಅನ್ನುವುದು ಇಲ್ಲಿದೆ.

ಮೊದಲನೆಯದು, ಮರಳುವ ದಿನದ ವ್ಯಾಯಾಮವನ್ನು ಈಗಲೇ ಗೊತ್ತು ಮಾಡಿ. ಅದು ನಿಮ್ಮ ಕನಿಷ್ಠವೇ ಆಗಿರಲಿ. ಜ್ವರದಿಂದ ಎದ್ದ ಮೇಲೆ ಹಳೆಯ ವೇಗಕ್ಕೆ ಹಾರಿದರೆ ಮತ್ತೆ ಹಾಸಿಗೆ ಹಿಡಿಯುತ್ತೀರಿ. ಜ್ವರ ಪೂರ್ತಿ ಬಿಟ್ಟು, ಊಟ ಸರಿಯಾಗಿ ಸೇರುತ್ತಿದೆ ಅನ್ನುವಾಗ ಅರ್ಧದಷ್ಟರಿಂದ ಶುರು ಮಾಡಿ. ಡೆಂಗಿ, ಟೈಫಾಯಿಡ್‌ನಂಥವು ಬಂದಿದ್ದರೆ ಎಷ್ಟು ದಿನ ಬಿಡುವು ಬೇಕು ಅನ್ನುವುದನ್ನು ಡಾಕ್ಟರ್ ಹೇಳಲಿ.

ಎರಡನೆಯದು, ಬಾಕಿ ತೀರಿಸಬೇಡಿ. ನಿನ್ನೆಯದನ್ನೂ ಸೇರಿಸಿ ಇವತ್ತು ಡಬಲ್ ಮಾಡುತ್ತೇನೆ ಅನ್ನುವುದು ಮತ್ತೆ ದಂಡದ ಲೆಕ್ಕ. ಇವತ್ತಿಗೆ ಇವತ್ತಿನದು ಸಾಕು. ಊಟಕ್ಕೂ ಇದೇ ಮಾತು ಅನ್ವಯಿಸುತ್ತದೆ. ದೀಪಾವಳಿಯ ಕಜ್ಜಾಯವನ್ನು ಮನೆಯವರ ಜೊತೆ ಕೂತು ಖುಷಿಯಿಂದ ತಿನ್ನಿ. ಮರುದಿನ ಉಪವಾಸ ಬೇಡ, ಓಟವೂ ಬೇಡ, ಎಂದಿನ ಊಟ, ಎಂದಿನ ನಡಿಗೆ. ಶುಗರ್ ಇರುವವರಿಗೆ ಸಿಹಿಯ ಮಿತಿ ಬೇರೆ ವಿಷಯ. ಅದು ಔಷಧದ ಲೆಕ್ಕ, ಅದಕ್ಕೂ ಪಾಪಕ್ಕೂ ಸಂಬಂಧವಿಲ್ಲ.

ಮೂರನೆಯದು, ಮೊದಲ ಹೆಜ್ಜೆಯಲ್ಲಿ ಬರೆದ ಆ ಹಾಳೆ ತೆಗೆಯಿರಿ. ತಪ್ಪಿದ ದಿನ ಯಾವ ಮಾತು ಕೇಳಿಸಿತು? ಅದನ್ನೇ ನಿಮ್ಮ ತಂಗಿ ಬಂದು ನಿಮ್ಮೆದುರು ಹೇಳಿದರೆ ಏನು ಉತ್ತರ ಕೊಡುತ್ತೀರಿ? "ನಿನ್ನ ಹಣೆಬರಹವೇ ಇಷ್ಟು" ಅನ್ನುತ್ತೀರಾ? "ಹೋಗ್ಲಿ ಬಿಡೇ, ನಾಳೆ ಹೋಗು" ಅನ್ನುತ್ತೀರಿ. ಅದೇ ಉತ್ತರವನ್ನು ಹಾಳೆಯ ಮೇಲೆ ನಿಮಗೇ ಬರೆದುಕೊಳ್ಳಿ. ಇದು ಸೋಮಾರಿತನಕ್ಕೆ ದಾರಿ ಅಂತ ಕೆಲವರು ಹೆದರುತ್ತಾರೆ. ನಾನು ಕಂಡ ಮಟ್ಟಿಗೆ ತಮ್ಮನ್ನು ತಾವೇ ಬೈದುಕೊಳ್ಳುವವರೇ ಬೇಗ ಬಿಡುತ್ತಾರೆ. ಬೈಗುಳ ಕಾದಿರುವ ಜಾಗಕ್ಕೆ ಯಾರಿಗೆ ಹೋಗಲು ಮನಸ್ಸಾಗುತ್ತದೆ?

ನಾಲ್ಕನೆಯದು, ಹೊಸ ಶುರುವಿಗೆ ದೊಡ್ಡ ದಿನ ಕಾಯಬೇಡಿ. ವಾರದ ಆರಂಭ, ತಿಂಗಳ ಆರಂಭ, ಹುಟ್ಟುಹಬ್ಬದ ಮರುದಿನಗಳಂಥ ಹೊತ್ತಿನಲ್ಲಿ ಜನ ಜಿಮ್ಮಿಗೆ ಹೆಚ್ಚು ಬರುತ್ತಾರೆ ಎಂದು 2014ರ ಅಧ್ಯಯನವೊಂದು ಕಂಡುಕೊಂಡಿದೆ. ಯುಗಾದಿಗೆ, ಜನವರಿ ಒಂದಕ್ಕೆ ನಮಗೂ ಆ ಹುಮ್ಮಸ್ಸು ಬರುತ್ತದೆ. ಅದನ್ನು ಬಳಸಿಕೊಳ್ಳಿ. ಆದರೆ ಯುಗಾದಿ ವರ್ಷಕ್ಕೊಂದು, ಸೋಮವಾರ ವರ್ಷಕ್ಕೆ 52.

ಹೆಜ್ಜೆ 8: ಮನೆಯವರ ಜೊತೆ ಕೂತು ಮಾತಾಡಿ

ಚಟುವಟಿಕೆ ಸಾಲದ ಹೆಂಗಸರು ಶೇ 57, ಗಂಡಸರು ಶೇ 42 ಎಂದು ಆಗಲೇ ಹೇಳಿದೆ. ಇದು ಇಚ್ಛಾಶಕ್ತಿಯ ಅಂತರವಲ್ಲ. ಬೆಳಗ್ಗೆ ತಿಂಡಿ, ಡಬ್ಬಿ, ಮಕ್ಕಳ ಯೂನಿಫಾರ್ಮ್, ಅತ್ತೆ ಮಾವನ ಮಾತ್ರೆ, ಇಷ್ಟು ಮುಗಿಸಿ ಆಫೀಸಿಗೆ ಓಡುವ ಹೆಂಗಸಿಗೆ "ಬೇಗ ಎದ್ದು ಯೋಗ ಮಾಡು" ಎಂದು ಹೇಳುವುದು ಅನ್ಯಾಯ. ಅವಳಿಗೆ ನಿದ್ದೆಯೇ ಸಾಲದು. ಅವಳಿಗೆ ಬೇಕಾದದ್ದು ಬಿಡುವು. ಅದನ್ನು ಮನೆಯವರೇ ಮಾಡಿಕೊಡಬೇಕು.

"ಸ್ವಲ್ಪ ಹೆಲ್ಪ್ ಮಾಡಿ" ಎಂದು ಕೇಳಿದರೆ ಕೆಲಸವಾಗುವುದಿಲ್ಲ. ದಿನ, ಹೊತ್ತು, ಕೆಲಸ ಹೆಸರಿಸಿ ಕೇಳಿ. "ರೀ, ಮಂಗಳವಾರ, ಗುರುವಾರ, ಶನಿವಾರ ಆರೂವರೆಯಿಂದ ಏಳು ಗಂಟೆವರೆಗೆ ನಾನು ಮನೇಲಿ ಇರಲ್ಲ. ಆ ಮೂರು ದಿನ ಡಬ್ಬಿ ನಿಮ್ಮದು." ಮೊದಲ ವಾರ ಡಬ್ಬಿಯಲ್ಲಿ ಬರೀ ಬ್ರೆಡ್ ಜಾಮ್ ಹೋದರೂ ಹೋಗಲಿ, ಮಧ್ಯೆ ಕೈ ಹಾಕಬೇಡಿ. ಓದುತ್ತಿರುವ ಗಂಡಸರಿಗೆ ಒಂದು ಮಾತು: ಹೆಂಡತಿ ಕೇಳುವವರೆಗೆ ಕಾಯದೆ ನೀವೇ ಹೇಳಿ.

"ಮನೆಗೆಲಸವೇ ವ್ಯಾಯಾಮ ಅಲ್ವಾ?" ಅನ್ನುವ ಪ್ರಶ್ನೆ ಯಾವಾಗಲೂ ಬರುತ್ತದೆ. ಒಂದು ಮಟ್ಟಿಗೆ ಹೌದು. ನೆಲ ಒರೆಸುವುದು, ಬಟ್ಟೆ ಒಗೆಯುವುದು, ನೀರು ಹೊರುವುದು ಎಲ್ಲವೂ ದೈಹಿಕ ಚಟುವಟಿಕೆಯೇ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಸೇರಿಸಿ ಎಣಿಸುತ್ತದೆ. ಆದರೆ ಮನೆಗೆಲಸದಲ್ಲಿ ಬಹಳಷ್ಟು ಹೊತ್ತು ಒಂದೇ ಕಡೆ ನಿಂತಿರುತ್ತೇವೆ, ಅದೇ ಕೈ, ಅದೇ ಸೊಂಟಕ್ಕೆ ಶ್ರಮ ಬೀಳುತ್ತದೆ. ತೊಡೆ, ಬೆನ್ನು, ಭುಜಕ್ಕೆ ಬೇಕಾದ ಬಲ ಅದರಿಂದ ಪೂರ್ತಿ ಬರುವುದಿಲ್ಲ. ಆ ಅರ್ಧ ಗಂಟೆ ಯಾರಿಗಾಗಿಯೂ ಅಲ್ಲದೆ ತನಗಾಗಿ ಇರುತ್ತದೆ ಅನ್ನುವುದು ಮನಸ್ಸಿಗೆ ಕೊಡುವ ಬಲವೇ ಬೇರೆ.

ಜೊತೆಗಾರರು ಸಿಕ್ಕರೆ ಇನ್ನೂ ಒಳ್ಳೆಯದು. ಗರಡಿ ಮನೆಗಳು ತಲೆಮಾರುಗಳ ಕಾಲ ಉಳಿದದ್ದರಲ್ಲಿ ಉಸ್ತಾದರ ಪಾಲು ಎಷ್ಟಿದೆಯೋ ಜೊತೆಯವರ ಪಾಲೂ ಅಷ್ಟೇ ಇದೆ. ನಿಮ್ಮ ವೇಗಕ್ಕೆ ಹತ್ತಿರದವರನ್ನೇ ಹುಡುಕಿ. ಅವರು ಬರದ ದಿನವೂ ನೀವು ಹೋಗುತ್ತೀರಿ ಎಂದು ಮೊದಲೇ ಇಬ್ಬರೂ ಮಾತಾಡಿಕೊಂಡಿರಿ.

ಹೆಜ್ಜೆ 9: ತೂಕದ ಮೆಷಿನ್ನಿಗೆ ಕಡಿಮೆ ಕೆಲಸ ಕೊಡಿ

ದೇಹದ ತೂಕ ಒಂದೇ ದಿನದಲ್ಲಿ ಒಂದೆರಡು ಕೆಜಿ ಏರಿಳಿಯುತ್ತದೆ. ಉಪ್ಪಿನಕಾಯಿ, ಹಪ್ಪಳ ಸೇರಿದ ಹಬ್ಬದೂಟದ ಮರುದಿನ ಏರಿದ ತೂಕದಲ್ಲಿ ಬಹುಪಾಲು ನೀರು. ಮುಟ್ಟಿನ ದಿನಗಳ ಆಸುಪಾಸಿನಲ್ಲೂ ಹೀಗೇ ಆಗುತ್ತದೆ. ದಿನವೂ ತೂಕ ನೋಡಿ ಬೇಜಾರಾಗುವವರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಅದಕ್ಕಿಂತ ಸೊಂಟದ ಸುತ್ತಳತೆ ಒಳ್ಳೆಯ ಸೂಚನೆ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು.

ಇನ್ನು 10,000 ಹೆಜ್ಜೆ. ಈ ಸಂಖ್ಯೆ ಹುಟ್ಟಿದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ. ಸರಾಸರಿ 72 ವಯಸ್ಸಿನ 16 ಸಾವಿರಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರ ಬಗ್ಗೆ 2019ರಲ್ಲಿ ಬಂದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. ಸುಮಾರು 7,500ರ ನಂತರ ಇನ್ನಷ್ಟು ಲಾಭ ಕಾಣಲಿಲ್ಲ. ಫೋನು 6,000 ತೋರಿಸಿದ ದಿನ ಸೋತೆ ಅನ್ನುವ ಭಾವ ಬೇಡ.

ನೀವು ಗುರುತು ಮಾಡಿಕೊಳ್ಳಬೇಕಾದದ್ದು ಬದುಕಿನಲ್ಲಿ ಕಾಣುವ ಬದಲಾವಣೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ನಂದಿಯವರೆಗೆ ಎಷ್ಟು ಸಲ ಕೂತಿರಿ? ನೆಲದ ಮೇಲೆ ಕೂತವರು ಕೈ ಊರದೆ ಏಳುತ್ತೀರಾ? ಗ್ಯಾಸ್ ಸಿಲಿಂಡರ್ ಸರಿಸಲು ಯಾರನ್ನಾದರೂ ಕರೆಯಬೇಕಾ? ಮೂರು ತಿಂಗಳಿಗೊಮ್ಮೆ ಇಂಥ ನಾಲ್ಕು ಸಾಲು ಬರೆಯಿರಿ.

ಹೆಜ್ಜೆ 10: ಏರಿಸುವುದು ನಿಧಾನ, ಬಿಡುವು ಕಡ್ಡಾಯ

ಮೈಸೂರಿನ ಅಷ್ಟಾಂಗ ಯೋಗ ಶಾಲೆಗಳಲ್ಲಿ ಒಂದು ಪದ್ಧತಿಯಿದೆ. ಹೊಸ ವಿದ್ಯಾರ್ಥಿಗೆ ಮೊದಲ ದಿನ ಕೆಲವೇ ಆಸನ ಹೇಳಿಕೊಡುತ್ತಾರೆ. ಅವು ಕೂತ ಮೇಲೆ ಗುರುಗಳು ಇನ್ನೊಂದು ಸೇರಿಸುತ್ತಾರೆ. ಒಂದೇ ಕೋಣೆಯಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಹಂತದಲ್ಲಿ, ತಮ್ಮ ಉಸಿರಿನ ಲೆಕ್ಕದಲ್ಲಿ ಅಭ್ಯಾಸ ಮಾಡುತ್ತಾರೆ. ಅಮಾವಾಸ್ಯೆ, ಹುಣ್ಣಿಮೆ ಮತ್ತು ವಾರಕ್ಕೊಂದು ದಿನ ವಿಶ್ರಾಂತಿ. ಜಗತ್ತಿನ ಎಲ್ಲೆಡೆಯಿಂದ ಜನ ಇದನ್ನು ಕಲಿಯಲು ಗೋಕುಲಂ ಬಡಾವಣೆಗೆ ಬರುತ್ತಾರೆ. ಪಕ್ಕದವರನ್ನು ನೋಡಿ ಓಡದಿರುವುದು, ಬಿಡುವನ್ನು ಅಭ್ಯಾಸದ ಒಳಗೇ ಸೇರಿಸಿಕೊಳ್ಳುವುದು, ಇವೆರಡನ್ನು ನಡಿಗೆಗೂ ಜಿಮ್ಮಿಗೂ ಹಾಗೇ ತರಬಹುದು.

ಎರಡು ವಾರ ಒಂದು ಪ್ರಮಾಣ ಸುಲಭವಾಗಿ ಆದ ಮೇಲೆ ಸ್ವಲ್ಪ ಏರಿಸಿ. ನಡಿಗೆ 15 ನಿಮಿಷ ಇದ್ದದ್ದು 20 ಆಗಲಿ. ಒಂದೇ ಸಲ ಹೊತ್ತನ್ನೂ ವೇಗವನ್ನೂ ಏರಿಸಬೇಡಿ. ಎರಡನೆಯ ತಿಂಗಳಿನಿಂದ ವಾರಕ್ಕೆ ಎರಡು ದಿನ ಬಲದ ವ್ಯಾಯಾಮ ಸೇರಿಸಿ: ಬಸ್ಕಿ, ಗೋಡೆ ದಂಡ, ನೀರು ತುಂಬಿದ ಬಾಟಲಿ ಎತ್ತುವುದು. ಮಂಡಿನೋವಿದ್ದರೆ ಬಸ್ಕಿಯ ಬದಲು ಕುರ್ಚಿಯಿಂದ ಏಳುವುದು ಸಾಕು. ರಥಸಪ್ತಮಿಯಂದು 108 ಸೂರ್ಯ ನಮಸ್ಕಾರ ಮಾಡುವ ಆಸೆಯಿದ್ದರೆ ಅದಕ್ಕೆ ತಿಂಗಳುಗಟ್ಟಲೆ ಮುಂಚೆ ಹನ್ನೆರಡರಿಂದ ಶುರು ಮಾಡಿ.

ಇನ್ನೊಂದು ತುದಿಯ ಬಗ್ಗೆಯೂ ಎಚ್ಚರಿಸಬೇಕು. ಜ್ವರವಿದ್ದರೂ ಹೋಗಲೇಬೇಕು ಅನ್ನಿಸುವುದು, ಒಂದು ದಿನ ಬಿಟ್ಟರೆ ಕೈ ನಡುಗುವಷ್ಟು ಆತಂಕ, ತಿಂದದ್ದನ್ನೆಲ್ಲ ಕರಗಿಸಲೇಬೇಕು ಅನ್ನುವ ಹಟ, ಮುಟ್ಟು ನಿಂತುಹೋಗುವುದು. ಇವು ಶಿಸ್ತಿನ ಲಕ್ಷಣಗಳಲ್ಲ, ಸಹಾಯ ಬೇಕು ಅನ್ನುವ ಲಕ್ಷಣಗಳು. ಹಾಗೆಯೇ ವಾರಗಟ್ಟಲೆ ಯಾವುದರಲ್ಲೂ ಆಸಕ್ತಿಯಿಲ್ಲದೆ, ಹಾಸಿಗೆಯಿಂದ ಏಳಲೂ ಆಗದೆ ಇದ್ದರೆ ಅದನ್ನು ಸೋಮಾರಿತನ ಅನ್ನಬೇಡಿ. ಖಿನ್ನತೆ ಇರಬಹುದು. 2022ರಿಂದ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಇದೆ. ಅದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾತಾಡಬಹುದು. ಅಂಥ ಸ್ಥಿತಿಯಲ್ಲಿ ಮೊದಲ ಹೆಜ್ಜೆ ಆ ಫೋನ್ ಕರೆ, ನಡಿಗೆ ಆಮೇಲೆ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಕೂತು ನಾಲ್ಕನೆಯ ಹೆಜ್ಜೆಯಲ್ಲಿ ಬರೆದ ಸಾಲುಗಳನ್ನು ಮತ್ತೆ ಓದಿ. ಶಾಲೆಯ ಹೊತ್ತು ಬದಲಾಗಿರಬಹುದು, ಮಳೆಗಾಲ ಬಂದಿರಬಹುದು, ಶಿಫ್ಟ್ ಬದಲಾಗಿರಬಹುದು. ಹೊಂದದ ಸಾಲು ಹೊಡೆದುಹಾಕಿ, ಹೊಸ ಹೊತ್ತಿಗೆ ಹೊಂದುವ ಸಾಲು ಬರೆಯಿರಿ. ಕನಿಷ್ಠವನ್ನು ಮಾತ್ರ ಹಾಗೇ ಬಿಡಿ.